ಐದು ಮನೆಯ ಹುಲಿ

ಸೂಜಿ ಮುರಿದೇ ಬಿಟ್ಟಿತು.

ಹರಿಣಾಕ್ಷಿ ಹೊಲಿಗೆ ಯಂತ್ರದ ಚಕ್ರವನ್ನು ಹಿಂದಕ್ಕೆ ತಿರುಗಿಸಿ, ಬಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಮೊನೆಯನ್ನು ಉಗುರಿನಿಂದ ಎತ್ತಿದಳು. ಹಳದಿ ಬಟ್ಟೆ ದಪ್ಪ, ಅದರ ಮೇಲಿನ ಕಪ್ಪು ಪಟ್ಟೆ ಇನ್ನೂ ದಪ್ಪ. ಹುಲಿಯ ಬೆನ್ನು ಮುಗಿದಿತ್ತು, ಹೊಟ್ಟೆ ಬಾಕಿಯಿತ್ತು. ಊರಾಚೆಯ ಕೈಗಾರಿಕಾ ಪ್ರದೇಶ ಮುಸಫ್ಫಾಕ್ಕೆ ಹೋಗುವ ಕಂಪನಿ ಬಸ್ಸು ಇನ್ನೇನು ಕೆಳಗೆ ಬಂದು ನಿಲ್ಲುವ ಹೊತ್ತು. ಅದು ಯಾರಿಗಾಗಿಯೂ ಕಾಯುವುದಿಲ್ಲ, ಹುಲಿಗಾಗಿಯಂತೂ ಇಲ್ಲವೇ ಇಲ್ಲ.

ಯಂತ್ರ ಎದುರು ಫ್ಲ್ಯಾಟಿನ ಭಟ್ಕಳದ ರುಕಿಯ್ಯಳದು. ಹರಿಣಾಕ್ಷಿಯ ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸಿಕೊಡಲು ಬಂದವಳು ಸೋಫಾದ ಮೇಲೆ ಬಿದ್ದಿದ್ದ ಹಳದಿ ತೋಳನ್ನು ಎತ್ತಿ ನೋಡಿದಳು.

"ಎಂತಕ್ಕೆ ಇಷ್ಟು ಕಷ್ಟ ಹರಿಣಾಕ್ಷಿ? ಎಲೆಕ್ಟ್ರಾ ಬೀದಿಯ ಅಂಗಡಿಯಲ್ಲಿ ರೆಡಿ ಸಿಕ್ತದಲ್ಲ."

"ಮನೆಯಲ್ಲೇ ಹೊಲಿದರೆ ಒಂದು ಖುಷಿ."

ರುಕಿಯ್ಯ ಅವಳ ಮುಖ ನೋಡಿದಳು. ಅಲ್ಲಿ ಖುಷಿಯೇನೂ ಕಾಣಲಿಲ್ಲ. ತೋಳನ್ನು ಮಡಚಿ ಸೋಫಾದ ಮೇಲೇ ಇಟ್ಟಳು.

ನಾಲ್ಕು ವರ್ಷದ ದೀಪ್ತಿಗೆ ಕುಂಬಳಕಾಯಿ. ಅದು ಸುಲಭ, ಕಿತ್ತಳೆ ಬಣ್ಣದ ಬಟ್ಟೆಯ ಚೀಲಕ್ಕೆ ತಲೆ, ಕೈ ತೂರಿಸಲು ತೂತು ಮಾಡಿದರೆ ಮುಗಿಯಿತು. ತಕರಾರು ಏಳು ವರ್ಷದ ಸುಮಿತನದು. ಹಾಲು ಕುಡಿಯುತ್ತ ಅವನು ಹೇಳಿದ:

"ಟೈಗರ್ ಈಸ್ ನಾಟ್ ಹ್ಯಾಲೋವೀನ್, ಅಮ್ಮಾ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಸುಮಿತ ತೊಟ್ಟಿಲ ಕೂಸಾಗಿದ್ದಾಗ ಒಮ್ಮೆ ಜ್ವರ ನೆತ್ತಿಗೇರಿ ಮೈ ಸೆಟೆದುಕೊಂಡಿತ್ತು. ಅವಳು ಆಗ ಕೊಲ್ಲಿ ನಾಡಿನಿಂದ ಹೆರಿಗೆ ರಜೆಯಲ್ಲಿ ಬಂದು ಕಾರ್ಕಳದಲ್ಲಿದ್ದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅತ್ತೆ ದೇವಿಗೆ ಹೇಳಿಕೊಂಡರು: ಹುಡುಗ ನಡೆಯುವಂತಾದರೆ ಮಾರ್ನೆಮಿಗೆ ಹುಲಿವೇಷ ಹಾಕಿಸುತ್ತೇನೆ, ಐದು ಮನೆ ಬೇಡಿಸುತ್ತೇನೆ, ಬಂದದ್ದನ್ನು ನಿನ್ನ ಗುಡಿಯ ನಡೆಗೆ ಒಪ್ಪಿಸುತ್ತೇನೆ. ಹುಡುಗ ನಡೆದ, ಓಡಿದ, ಇಂಗ್ಲಿಷಿನಲ್ಲಿ ವಾದವನ್ನೂ ಮಾಡತೊಡಗಿದ. ಆದರೆ ಪ್ರತಿವರ್ಷ ನವರಾತ್ರಿಯ ಹೊತ್ತಿಗೆ ಸರಿಯಾಗಿ ಕಂಪನಿಯಲ್ಲಿ ದೊಡ್ಡ ಕೆಲಸವೊಂದು ಬಂದು ಕೂರುತ್ತಿತ್ತು. ಗಂಡ ಪೃಥ್ವಿರಾಜ್ ಸಮುದ್ರದ ನಡುವಿನ ತೈಲದ ರಿಗ್ಗಿನಲ್ಲಿ. ರಜೆ ಸಿಗಲಿಲ್ಲ, ಹರಕೆ ಹಾಗೇ ಉಳಿಯಿತು.

ಹೋದ ತಿಂಗಳು ಜ್ವರ ಮತ್ತೆ ಬಂತು. ಮೈ ಮತ್ತೆ ಸೆಟೆದುಕೊಂಡಿತು. ಈ ವಯಸ್ಸಿಗೆ ಹೀಗಾಗುವುದು ಅಪರೂಪ, ನೋಡೋಣ ಎಂದರು ಡಾಕ್ಟರು. ಅತ್ತೆ ಫೋನಿನಲ್ಲಿ ಬೈಯಲಿಲ್ಲ, ಅಳಲೂ ಇಲ್ಲ.

"ಅದೊಂದು ಬಾಕಿ ಉಂಟಲ್ಲ ಹರಿಣಾ," ಎಂದರು. ಅಷ್ಟೇ.

ಹರಿಣಾಕ್ಷಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಸಫ್ಫಾದ ಯಾರ್ಡಿನಲ್ಲಿ ಬೆಸುಗೆಯ ಪರೀಕ್ಷಾ ವರದಿಗಳನ್ನು ನೋಡಿ ಸಹಿ ಹಾಕುವುದು ಅವಳ ಕೆಲಸ. ಕಣ್ಣಿಗೆ ಕಾಣದ ಬಿರುಕನ್ನು ಅವಳು ನಂಬುತ್ತಿದ್ದಳು, ಏಕೆಂದರೆ ಅದಕ್ಕೆ ಎಕ್ಸ್‌ರೇ ಇತ್ತು. ದೇವಿಯನ್ನು ನಂಬುವುದಿಲ್ಲ ಎಂದು ಗೆಳತಿಯರ ನಡುವೆ ಹೇಳಬಲ್ಲವಳಾಗಿದ್ದಳು. ಮಗ ಸೆಟೆದುಕೊಂಡ ರಾತ್ರಿ ಮಾತ್ರ ಆ ಮಾತು ಬಾಯಿಗೆ ಬರಲಿಲ್ಲ. ಹೆದರಿದ್ದಳು. ಈಗಲೂ ಹೆದರಿಯೇ ಇದ್ದಳು.

ಹೀಗಿರುವಾಗ ಗೆಳತಿ ಸುಪ್ರೀತಾಳ ಸಂದೇಶ ಬಂದಿತ್ತು. ಖಲೀಫಾ ಸಿಟಿಯ ತಮ್ಮ ವಿಲ್ಲಾ ಕಾಂಪೌಂಡಿನಲ್ಲಿ ಹ್ಯಾಲೋವೀನ್, ಮಕ್ಕಳು ವೇಷ ಹಾಕಿ ಮನೆ ಮನೆಗೆ ಹೋಗುತ್ತಾರೆ, ಜನ ಏನಾದರೂ ಕೊಡುತ್ತಾರೆ, ಕರೆದುಕೊಂಡು ಬಾ. ಹರಿಣಾಕ್ಷಿ ಅದನ್ನು ಮತ್ತೆ ಮತ್ತೆ ಓದಿದಳು. ವೇಷ. ಮನೆ ಮನೆ. ಕೊಡುತ್ತಾರೆ. ಮಾರ್ನೆಮಿ ಕಳೆದು ವಾರಗಳಾಗಿದ್ದವು, ನಿಜ. ಆದರೆ ರಜೆಯ ತಾಪತ್ರಯ ದೇವಿಗೆ ಅರ್ಥವಾಗದೆ ಇರುತ್ತದೆಯೇ? ಈ ಲೆಕ್ಕಾಚಾರವನ್ನು ಅವಳು ಯಾರಿಗೂ ಹೇಳಲಿಲ್ಲ, ಪೃಥ್ವಿರಾಜನಿಗೂ. ಹೇಳಿದರೆ ಅದು ಎಷ್ಟು ಹುಚ್ಚೆಂದು ತನ್ನ ಕಿವಿಗೇ ಕೇಳಿಸುತ್ತಿತ್ತು.

ಹೊಟ್ಟೆಯ ಪಟ್ಟೆಗಳನ್ನು ಬಸ್ಸಿನಲ್ಲಿ ಕೈಯಲ್ಲೇ ಹೊಲಿದಳು. ಪಕ್ಕದ ಸೀಟಿನ ಎಲ್ಸಿ ಬಾಲವನ್ನು ಎತ್ತಿ ಹಿಡಿದು ನಕ್ಕಳು. ಆಫೀಸಿನಲ್ಲಿ ಮೇಲಧಿಕಾರಿ, ಮಕ್ಕಳಿಗಾಗಿ ಇಷ್ಟು ಮಾಡುವ ತಾಯಂದಿರು ಈಗ ಎಲ್ಲಿದ್ದಾರೆ ಎಂದ. ಹ್ಯಾಲೋವೀನ್ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಹೊಗಳಿಕೆಯನ್ನು ಕದ್ದ ಸಾಮಾನಿನಂತೆ ಒಳಗಿಟ್ಟುಕೊಂಡು ಅವಳು ವರದಿಗಳಿಗೆ ಸಹಿ ಹಾಕಿದಳು. ಊಟದ ಬಿಡುವಿನಲ್ಲಿ ರಟ್ಟಿನ ಮುಖವಾಡಕ್ಕೆ ಮೀಸೆ ಬರೆದಳು. ಹುಲಿ ಯಾಕೋ ಅತ್ತು ಮುಗಿಸಿದ ಹಾಗೆ ಕಾಣುತ್ತಿತ್ತು.

ಸಂಜೆ ಕಾಂಪೌಂಡಿನ ಗೇಟಿನಲ್ಲಿ ಟ್ಯಾಕ್ಸಿ ಇಳಿದಾಗ ಮಸೀದಿಯ ಮಗ್ರಿಬಿನ ಬಾಂಗ್ ಮುಗಿದಿತ್ತು. ಒಂದೇ ಅಚ್ಚಿನ ವಿಲ್ಲಾಗಳು, ಒಂದೇ ಬಣ್ಣದ ಬಾಗಿಲುಗಳು. ಅಕ್ಟೋಬರಿನ ಕೊನೆಯಾದರೂ ನೆಲದಿಂದ ಬಿಸಿ ಏಳುತ್ತಿತ್ತು. ಬೀದಿಯ ತುಂಬ ಮಕ್ಕಳು. ಗಂಡು ಹುಡುಗರಲ್ಲಿ ಹೆಚ್ಚಿನವರು ಒಂದೇ ಅಂಗಡಿಯ ಒಂದೇ ವೇಷದಲ್ಲಿದ್ದರು: ಕಪ್ಪು ಅಂಗಿಯ ಮೇಲೆ ಬಿಳಿ ಎಲುಬು, ಮುಖಕ್ಕೆ ಪ್ಲಾಸ್ಟಿಕ್ ಬುರುಡೆ. ಅವರ ನಡುವೆ ಸುಮಿತ ಒಬ್ಬನೇ ಹುಲಿ. ಪಂಜಗಳನ್ನೂ ಅವಳು ತೋಳಿಗೆ ಸೇರಿಸಿಯೇ ಹೊಲಿದಿದ್ದಳು. ಚರ್ಮವಾಗಲಿ, ಕುಲಾವಿಯೊಳಗಿನ ಕೂದಲಾಗಲಿ ಎಲ್ಲಿಯೂ ಕಾಣುತ್ತಿರಲಿಲ್ಲ.

ಮೊದಲ ಮನೆಯಲ್ಲಿ ಚಾಕೊಲೇಟು ಬಂತು. ಒಂದು, ಎಂದುಕೊಂಡಳು. ಎರಡನೆಯ ಮನೆಯವರು ಹುಲಿಯ ಬೆನ್ನು ಸವರಿದರು. ಮೂರನೆಯ ಮನೆಯ ಮೆಟ್ಟಿಲಿಳಿಯುವಾಗ ಸುಮಿತ ನಿಂತುಬಿಟ್ಟ.

"ಐಯಾಮ್ ಹಾಟ್, ಅಮ್ಮಾ."

"ಇನ್ನು ಎರಡೇ ಮನೆ ಮಗಾ."

"ಕ್ಯಾನ್ ಐ ರಿಮೂವ್ ಇಟ್?"

"ಎರಡೇ ಮನೆ ಅಂದೆನಲ್ಲ."

ಅಷ್ಟರಲ್ಲಿ ಕುಂಬಳಕಾಯಿಗೆ ಬಾತ್‌ರೂಮಿಗೆ ಹೋಗಬೇಕಾಯಿತು. ಸುಮಿತನನ್ನು ಇಲ್ಲೇ ಇರು, ಎಲ್ಲಿಗೂ ಹೋಗಬೇಡ ಎಂದು ಸುಪ್ರೀತಾಳ ಮನೆಯ ಗೇಟಿನಲ್ಲಿ ಮಕ್ಕಳ ಗುಂಪಿನೊಡನೆ ನಿಲ್ಲಿಸಿ ದೀಪ್ತಿಯನ್ನು ಒಳಗೆ ಕರೆದೊಯ್ದಳು. ಸುಪ್ರೀತಾ ಚಹಾ ಮಾಡಲೇ ಎಂದಳು, ಊರಿನ ಸುದ್ದಿ ಕೇಳಿದಳು. ಹರಿಣಾಕ್ಷಿ ಹೌದು, ಇಲ್ಲ ಎಂದಷ್ಟೇ ಹೇಳಿ, ದೀಪ್ತಿಯನ್ನು ಅವಳ ಬಳಿಯೇ ಬಿಟ್ಟು ಹೊರಗೆ ಓಡಿದಳು. ಹುಲಿ ಗೇಟಿನಲ್ಲೇ ನಿಂತಿತ್ತು. ಅವಳು ಪಂಜ ಹಿಡಿದು ನಡೆದಳು. ಹುಲಿ ಮಾತಾಡದೆ ಬಂತು. ಸಿಟ್ಟು ಬಂದಿದೆ, ಬರಲಿ, ಎಂದುಕೊಂಡಳು.

ನಾಲ್ಕು.

ಐದನೆಯ ಬಾಗಿಲು ತೆರೆದು ಹೆಂಗಸೊಬ್ಬಳು ಹುಲಿಯ ಚೀಲಕ್ಕೆ ಎರಡು ಕೈಯಿಂದ ಮಿಠಾಯಿ ಸುರಿದಳು. ಹರಿಣಾಕ್ಷಿ ಮೆಟ್ಟಿಲ ಕೆಳಗೆ ನಿಂತು ಕಣ್ಣು ಮುಚ್ಚಿದಳು. ಬೇಡಿಕೊಂಡಳು, ನಿಜವಾಗಿ. ಎದೆಯ ಮೇಲಿನ ಭಾರ ಯಾರೋ ಎತ್ತಿಕೊಂಡಂತಾಯಿತು, ಅಳು ಬಂತು. ಕಣ್ಣೊರೆಸಿಕೊಂಡು, ಬೆಳಕಿನ ಬಾಗಿಲಲ್ಲಿ ನಿಂತ ಹುಲಿಯ ಫೋಟೋ ತೆಗೆದು ಅತ್ತೆಗೆ ಕಳಿಸಿದಳು. ಇಲ್ಲಿ ನಮ್ಮವರು ಕಾರ್ಯಕ್ರಮ ಇಟ್ಟುಕೊಂಡಿದ್ದರು, ಐದು ಮನೆ ಆಯಿತು, ಎಂದು ಬರೆದಳು. ಅತ್ತೆಯ ಧ್ವನಿ ಸಂದೇಶ ಕೂಡಲೇ ಬಂತು. ಫೋನನ್ನು ಕಿವಿಗೊತ್ತಿ ಕೇಳಿದಳು.

"ಆಯ್ತಲ್ಲ ಮಗಾ. ಇನ್ನು ಅವನಿಗೆ ಎಂತದೂ ಆಗುದಿಲ್ಲ."

ಹುಲಿ ಮುಖವಾಡವನ್ನೂ ಕುಲಾವಿಯನ್ನೂ ಹಿಂದಕ್ಕೆ ಸರಿಸಿತು. ಒಳಗೆ ಬಿಳಿ ಮುಖ, ಕೆಂಚು ಕೂದಲು, ಬೆವರಿನ ಹನಿಗಳು. ಯಾರದೋ ಹುಡುಗ.

"ಕ್ಯಾನ್ ಐ ಗೋ ನೌ?"

ಅವಳು ಫೋನನ್ನು ಕಿವಿಯಿಂದ ಇಳಿಸಿದಳು. ಹುಡುಗನೇ ವಿವರಿಸಿದ. ಆ ಇನ್ನೊಬ್ಬ ಹುಡುಗನಿಗೆ ತುಂಬ ಸೆಕೆಯಾಗುತ್ತಿತ್ತಂತೆ, ಅದಕ್ಕೆ ವೇಷ ಅದಲು ಬದಲು ಮಾಡಿಕೊಂಡರಂತೆ. ಆಂಟಿ ಕೈಹಿಡಿದು ಎಳೆದದ್ದರಿಂದ ಬಂದನಂತೆ. ಅವನೆಲ್ಲಿ ಎಂದು ಕೇಳಿದಳು. ಹುಡುಗ ಹಳದಿ ಪಂಜವನ್ನೆತ್ತಿ ಬೀದಿಯ ಕಡೆ ತೋರಿಸಿದ.

ಬೀದಿಯ ದೀಪದ ಕೆಳಗೆ ಬುರುಡೆಗಳ ಗುಂಪು ಬರುತ್ತಿತ್ತು. ಎಲ್ಲ ಒಂದೇ ಎತ್ತರ, ಒಂದೇ ಎಲುಬು, ಒಂದೇ ನಗು.

"ಸುಮಿತ್," ಎಂದು ಕರೆದಳು.

ಯಾವುದೂ ಮುಖವಾಡ ತೆಗೆಯಲಿಲ್ಲ. ಆದರೆ ಎಲ್ಲವೂ ಅವಳತ್ತ ತಿರುಗಿ, ಓಡಿ ಬಂದು, ಸುತ್ತ ನಿಂತು ಚೀಲ ಒಡ್ಡಿದವು. ಅವಳ ಕೈಯಲ್ಲಿ ಕೊಡಲು ಏನೂ ಇರಲಿಲ್ಲ. ಮತ್ತೆ ಹೆಸರು ಕರೆದಳು; ಬುರುಡೆಯೊಂದರ ಒಳಗಿನಿಂದ ಯಾರೋ ನಕ್ಕರು, ಯಾರ ನಗುವೆಂದು ತಿಳಿಯಲಿಲ್ಲ. ಅವಳು ಹತ್ತಿರದ ಬುರುಡೆಯ ಹಣೆಯ ಮೇಲೆ ಅಂಗೈ ಇಟ್ಟು ಜ್ವರ ನೋಡಿದಳು. ಪ್ಲಾಸ್ಟಿಕ್ಕು ತಣ್ಣಗಿತ್ತು. ಪಕ್ಕದ ಬುರುಡೆಯ ಹಣೆಯನ್ನೂ ಮುಟ್ಟಿದಳು. ಅದೂ ತಣ್ಣಗಿತ್ತು. ಹಿಂದೆ ನಿಂತಿದ್ದ ಬುರುಡೆಗಳು, ಆಟವೇನೋ ಎಂದುಕೊಂಡು, ಒಂದೊಂದಾಗಿ ಹಣೆ ಒಡ್ಡಿ ಮುಂದೆ ಬರತೊಡಗಿದವು.