ಹೆಂಡತಿಯ ಮನೆಯಲ್ಲಿ ಒಂದು ಕೋಣೆ

ಅರಬ್ ದೇಶದ ಯಾನ್ಬುವಿನಲ್ಲಿ ನಾನಿದ್ದಷ್ಟು ಕಾಲ ಮೂಸಬ್ಬನಂಥ ಪೆದ್ದನನ್ನು ನೋಡಲಿಲ್ಲ. ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಉಳ್ಳಾಲದ ಬ್ಯಾರಿ, ರಿಫೈನರಿ ಕಟ್ಟುವ ಕಂಪನಿಯಲ್ಲಿ ಪೈಪ್ ಫಿಟ್ಟರ್. ನಾನು ಸೇಸಪ್ಪ, ಸುರತ್ಕಲ್ಲಿನವನು, ಅದೇ ಕಂಪನಿಯಲ್ಲಿ ಸ್ಟೋರ್ ಕೀಪರ್. ಕ್ಯಾಂಪಿನಲ್ಲಿ ನಮ್ಮಿಬ್ಬರ ಮಂಚ ಅಕ್ಕಪಕ್ಕ. ನಲವತ್ತು ಹತ್ತಿರ ಬಂದರೂ ಅವನಿಗೆ ಮದುವೆಯಾಗಿರಲಿಲ್ಲ. ಮೂವರು ತಂಗಿಯರನ್ನು ದಡ ಸೇರಿಸುವಷ್ಟರಲ್ಲಿ ತನ್ನ ವಯಸ್ಸು ಜಾರಿಹೋದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಅಂಥವನು ಎಂಬತ್ತೈದನೇ ಇಸವಿಯಲ್ಲಿ ಒಂದು ಸಂಜೆ ನನ್ನ ಮಂಚದ ತುದಿಯಲ್ಲಿ ಕೂತು ಉಗುರು ಕಚ್ಚುತ್ತಾ, "ಸೇಸಪ್ಪಣ್ಣ, ನನ್ನದು ಮದುವೆ ಉಂಟು" ಎಂದ.

"ಯಾವಾಗ ಊರಿಗೆ ಹೋಗ್ತೀ?"

"ಊರಲ್ಲಿ ಅಲ್ಲ. ಇಲ್ಲೇ. ಹುಸೈನನ ಅಕ್ಕನನ್ನು."

ನಾನು ಎದ್ದು ಕೂತೆ. ಹುಸೈನ್ ನನಗೂ ಗೊತ್ತಿದ್ದವನೇ. ಹಳೇ ಪೇಟೆಯಲ್ಲಿ ಬಲೆ, ಹಗ್ಗ ಮಾರುವ ಅಂಗಡಿ ಇಟ್ಟಿದ್ದ. ಅವರ ಅಜ್ಜ ಹೈದರಾಬಾದಿನಿಂದ ಹಜ್‌ಗೆ ಬಂದವರು ಇಲ್ಲೇ ಉಳಿದುಬಿಟ್ಟಿದ್ದರು. ಮನೆಯಲ್ಲಿ ಇನ್ನೂ ಹರಕುಮುರುಕು ಉರ್ದು ಆಡುತ್ತಿದ್ದರು, ಆದರೆ ಮೂರು ತಲೆಮಾರಿನಿಂದ ಈ ದೇಶದ ಪ್ರಜೆಗಳು. ಅಕ್ಕನ ಹೆಸರು ಫಖ್ರುನ್ನಿಸಾ. ತಾಯಿ ಬೀಬಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅವರನ್ನು ಎಬ್ಬಿಸುವುದು, ಮಗ್ಗುಲು ತಿರುಗಿಸುವುದು, ತುತ್ತು ಹಾಕುವುದು ಎಲ್ಲ ಈ ಹೆಂಗಸೇ. ಬೇರೆ ಯಾರ ಕೈಯಿಂದಲೂ ಮುದುಕಿ ನೀರು ಕೂಡ ಕುಡಿಯುತ್ತಿರಲಿಲ್ಲವಂತೆ. ಮೊದಲ ಗಂಡ "ನನ್ನ ಮನೆಗೆ ಬಾ" ಎಂದ, ಇವಳು "ಅಮ್ಮನನ್ನು ಬಿಟ್ಟು ಬರಲಾರೆ" ಎಂದಳು, ಅವನು ತಲಾಕ್ ಕೊಟ್ಟು ಹೋದ. ಆಮೇಲೆ ಬಂದ ಸಂಬಂಧಗಳೆಲ್ಲ ಇದೇ ಮಾತಿಗೆ ಮುರಿದುಬಿದ್ದವು. ಹೆಂಡತಿಯ ಮನೆಗೆ ಬಂದು ಇರುವ ಗಂಡಸು ಆ ಊರಲ್ಲಿ ಎಲ್ಲಿ ಸಿಗಬೇಕು?

ಸಿಕ್ಕಿದ್ದು ನಮ್ಮ ಮೂಸಬ್ಬ. ಅವನಿಗೆ ಅದು ಒಂದು ವಿಷಯವೇ ಆಗಿರಲಿಲ್ಲ. ಎಲ್ಲ ಬ್ಯಾರಿಗಳಲ್ಲಿ ಹಾಗಿಲ್ಲ, ಆದರೆ ಅವನ ಮನೆತನದಲ್ಲಿ ಹೆಣ್ಣುಮಕ್ಕಳು ಹುಟ್ಟಿದ ಮನೆ ಬಿಟ್ಟು ಹೋಗುವುದಿಲ್ಲ. ಗಂಡನೇ ಅಲ್ಲಿಗೆ ಬರುತ್ತಾನೆ. ಅವನಿಗೆಂದು ಒಂದು ಕೋಣೆ ಇರುತ್ತದೆ. ಅವನು ದುಬೈಯಲ್ಲಿರಲಿ, ಹಡಗಿನಲ್ಲಿರಲಿ, ಆ ಕೋಣೆಯಲ್ಲಿ ಮತ್ತೊಬ್ಬರು ಮಲಗುವ ಹಾಗಿಲ್ಲ. ವಾರಕ್ಕೊಮ್ಮೆ ಮಂಚದ ಚಾದರ ಬದಲಾಯಿಸುತ್ತಾರೆ. ನಾನು ಅಳಿಯಕಟ್ಟಿನವನು, ನನ್ನಮ್ಮನ ಮನೆಯೂ ತಂಗಿಗೇ ಹೋದದ್ದು, ಆದ್ದರಿಂದ ಇದು ನನಗೂ ವಿಚಿತ್ರವೆನಿಸಲಿಲ್ಲ.

"ಹೆಂಡತಿ ಮನೆಯಲ್ಲಿ ಅಳಿಯನಿಗೆ ಎಂಥ ಮರ್ಯಾದೆ ಗೊತ್ತುಂಟಾ ನಿಮಗೆ?" ಎಂದು ಅವನು ಕ್ಯಾಂಪಿನವರಿಗೆಲ್ಲ ಹೇಳುತ್ತಿದ್ದ. "ಕೋಳಿಯ ಕಾಲು ನಮಗೇ. ಮಾವ ಬಂದರೂ ನಾವು ಕುರ್ಚಿಯಿಂದ ಏಳುವುದು ಬೇಡ." ಕೋಳಿಯ ಕಾಲಿನ ಆಸೆಗೇ ಮದುವೆಯಾಗುತ್ತಿದ್ದಾನೆ ಎಂದು ನಾವು ಅವನನ್ನು ಗೋಳು ಹೊಯ್ದುಕೊಂಡೆವು.

ಹಿರಿಯರು ನಾಲ್ಕು ಜನ ಕೂತು ನಿಕಾಹ್ ಮಾಡಿಸಿದರು. ಫಖ್ರುನ್ನಿಸಾ ಒಳಗಿನ ಕೋಣೆಗೆ ಸುಣ್ಣ ಹೊಡೆಸಿ, ನೀಲಿ ಹೂವಿನ ಚಾದರ ಹಾಸಿದಳು. ಚಾದರದ ಪದ್ಧತಿಯನ್ನು ಮೂಸಬ್ಬ ಹೇಳಿದಾಗ ಮೊದಲು ಬಾಯಿಗೆ ಸೆರಗು ಅಡ್ಡ ಇಟ್ಟು ನಕ್ಕಳಂತೆ. ಆದರೆ ಮುಂದಿನ ಗುರುವಾರ ಸಂಜೆ ಕ್ಯಾಂಪಿನ ಬಸ್ಸಿಳಿದು ಅವನು ಹೋದಾಗ ಮಂಚದ ಮೇಲೆ ಬೇರೆ ಚಾದರ ಇತ್ತು. ಪ್ರತಿ ಗುರುವಾರ ಹೋಗುತ್ತಿದ್ದ, ಶುಕ್ರವಾರ ರಾತ್ರಿ ಬರುತ್ತಿದ್ದ. ಅತ್ತೆ ಬೀಬಿಯನ್ನು ಎತ್ತಿ ಅಂಗಳದಲ್ಲಿ ಕೂರಿಸುವ ಕೆಲಸ ತನ್ನದಾಯಿತು ಎಂದ. ಮುದುಕಿ ಈಗ ಇವನ ಕೈಯಿಂದಲೂ ನೀರು ಕುಡಿಯುತ್ತಾರೆ ಎಂದ.

ತೊಡಕು ಇದ್ದದ್ದು ಸರ್ಕಾರದಲ್ಲಿ. ಪರದೇಶದವನು ಇಲ್ಲಿಯ ಹೆಣ್ಣನ್ನು ಮದುವೆಯಾಗಬೇಕಾದರೆ ಅನುಮತಿ ಬೇಕು. ಮದುವೆಗೆ ಮೊದಲೇ ಕೇಳಬೇಕಿತ್ತು, ಇವರು ಕೇಳಿರಲಿಲ್ಲ. ನಮ್ಮ ಪ್ರಾಜೆಕ್ಟ್ ಬೇರೆ ಮುಗಿಯುತ್ತಾ ಬಂದಿತ್ತು. ಕಂಪನಿಯೇ ನಮ್ಮೆಲ್ಲರ ಕಫೀಲ್, ಅಂದರೆ ಜಾಮೀನುದಾರ. ಅದು ಕೈಬಿಟ್ಟರೆ ಇಕಾಮಾ, ಅಂದರೆ ವಾಸದ ಪರವಾನಗಿ, ಇಲ್ಲ, ಇಕಾಮಾ ಇಲ್ಲದೆ ಒಂದು ದಿನ ಕೂಡ ಇಲ್ಲಿರುವ ಹಾಗಿಲ್ಲ. ಮದುವೆಗೆ ಅನುಮತಿ ಸಿಕ್ಕರೆ ಮಾತ್ರ ಮೂಸಬ್ಬ ಹೆಂಡತಿಯ ಗಂಡನಾಗಿ ಇಲ್ಲೇ ಉಳಿಯಬಹುದು. ಸಿಗದಿದ್ದರೆ ಊರಿಗೆ. ಫಖ್ರುನ್ನಿಸಾ ಅವನ ಜೊತೆ ಹೊರಡುವಂತಿಲ್ಲ, ಹಾಸಿಗೆಯಲ್ಲಿ ತಾಯಿ.

ಹುಸೈನ್ ಅರ್ಜಿ ಹಾಕಿಸಿದ. ಬಹಳ ತಿಂಗಳು ಕಾದ ಮೇಲೆ ಮೂಸಬ್ಬನಿಗೆ ಸರ್ಕಾರಿ ಕಚೇರಿಯಿಂದ ಕರೆ ಬಂತು. ನಾನು ಕಂಪನಿಯ ಪಿಕಪ್ಪಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟೆ. ಊರಲ್ಲಿ ಹೆಂಡತಿ ಇದ್ದಾಳಾ ಅಂದರೆ ಇಲ್ಲ ಅನ್ನು. ಪೊಲೀಸ್ ಕೇಸು ಉಂಟಾ ಅಂದರೆ ಇಲ್ಲ ಅನ್ನು. ಕೆಲಸ ಎಂತ ಅಂದರೆ ಫಿಟ್ಟರ್ ಅನ್ನು, ಹೆಲ್ಪರ್ ಎಂದು ವಿನಯ ತೋರಿಸಬೇಡ ಮಾರಾಯ. ಅವನು ಶಾಲೆಯ ಮಗುವಿನ ಹಾಗೆ ತಲೆಯಾಡಿಸುತ್ತಿದ್ದ. ಹೊಸ ಬಿಳಿ ಅಂಗಿ ಹಾಕಿದ್ದ, ಅದರ ಮಡಿಕೆ ಕೂಡ ಹೋಗಿರಲಿಲ್ಲ.

ಹೊರಗೆ ಬಿಸಿಲಲ್ಲಿ ಕಾದೆ. ಅವನು ಕಚೇರಿಯ ಮೆಟ್ಟಿಲಿಳಿದು ಬಂದದ್ದು ನಗುತ್ತಾ.

"ಆಯ್ತು ಸೇಸಪ್ಪಣ್ಣ! ಆಫೀಸರ್ ಒಳ್ಳೆ ಮನುಷ್ಯ. ನನಗೆ ಚಾ ಕೂಡ ಕೊಟ್ಟ."

"ಎಂತ ಕೇಳಿದ?"

"ನೀವು ಹೇಳಿದ್ದೇ. ಎಲ್ಲದಕ್ಕೂ ಸರಿಯಾಗಿ ಹೇಳಿದೆ. ಕೊನೆಗೆ, ಅನುಮತಿ ಸಿಕ್ಕಿದ ಮೇಲೆ ಎಲ್ಲಿರ್ತೀ ಅಂತ ಕೇಳಿದ. ಹೆಂಡತಿಯ ಮನೆಯಲ್ಲಿ ಅಂದೆ."

ನಾನು ಕೀಲಿ ತಿರುಗಿಸುತ್ತಿದ್ದವನು ಕೈ ತೆಗೆದೆ.

"ಅವನಿಗೆ ಖುಷಿಯಾಯ್ತು ಕಾಣ್ತದೆ, ಪುನಃ ಕೇಳಿದ. ನಿನಗೆ ಸ್ವಂತ ಮನೆ ಇಲ್ವಾ, ಬಾಡಿಗೆ ಮನೆಯಾದ್ರೂ ಮಾಡುವುದಿಲ್ವಾ ಅಂತ. ನಾನು ಹೇಳಿದೆ, ಯಾಕೆ ಮಾಡ್ಬೇಕು? ಅವಳ ಮನೆಯಲ್ಲಿ ನನಗೆ ಕೋಣೆ ಉಂಟು, ನಮ್ಮಲ್ಲಿ ಅದೇ ಮರ್ಯಾದೆ, ನನ್ನ ತಂದೆ ಕೂಡ ಹಾಗೇ ಇದ್ದದ್ದು ಅಂತ. ಅವನು ನಕ್ಕ. ಬರ್ಕೊಂಡ. ಪಕ್ಕದವನಿಗೂ ಹೇಳಿದ, ಅವನೂ ನಕ್ಕ."

ಅವನ ಮುಖ ನೋಡಿದೆ. ಪರೀಕ್ಷೆ ಪಾಸಾದ ಹುಡುಗನ ಸಂತೋಷ. ಅವರು ಯಾಕೆ ನಕ್ಕರೆಂದು ನನಗೆ ಗೊತ್ತಾಯಿತು, ಅವನಿಗೆ ಗೊತ್ತಾಗಲಿಲ್ಲ. ಅವನಿಗೆ ನಾಲ್ಕು ಬಾರಿಸಬೇಕು ಎನ್ನುವಷ್ಟು ಸಿಟ್ಟು ಬಂತು. ಆದರೆ ಯಾವುದಕ್ಕೆಂದು ಬೈಯಲಿ? ಅವನು ಹೇಳಿದ್ದು ಸುಳ್ಳಲ್ಲ, ಕೆಟ್ಟದ್ದೂ ಅಲ್ಲ. ನಾವು ಯಾರೂ ಆ ಪ್ರಶ್ನೆಯನ್ನು ಯೋಚಿಸಿರಲಿಲ್ಲ.

ಸೀದಾ ಹುಸೈನನ ಅಂಗಡಿಗೆ ಗಾಡಿ ತಿರುಗಿಸಿದೆ. ಹುಸೈನ್ ಎಲ್ಲ ಕೇಳಿ ಕೈಯಲ್ಲಿದ್ದ ಹಗ್ಗದ ಸುರುಳಿಯನ್ನು ಕೆಳಗಿಟ್ಟ.

"ಮೂಸಾ ಭಾಯಿ, ಇಲ್ಲಿ ಹೆಂಡತಿಗೆ ಮನೆ ಕೊಡಬೇಕಾದವನು ಗಂಡ," ಎಂದ ಉರ್ದುವಿನಲ್ಲಿ, ಬಹಳ ಮೆಲ್ಲಗೆ. "ನೀನು ಅವಳ ಮನೆಯಲ್ಲಿರುತ್ತೇನೆ ಅಂದರೆ, ಅನ್ನಕ್ಕೂ ಇಕಾಮಾಕ್ಕೂ ಅವಳನ್ನು ಕಟ್ಟಿಕೊಂಡಿದ್ದೀಯ ಅಂತ ಅರ್ಥ ಮಾಡ್ತಾರೆ."

ಮೂಸಬ್ಬನ ನಗು ಇಳಿಯುತ್ತಾ ಹೋದದ್ದನ್ನು ನಾನು ನೋಡಬಾರದಿತ್ತು. "ಆದ್ರೆ ಅವಳು ಅಮ್ಮನನ್ನು ಬಿಟ್ಟು ಬರುವುದಿಲ್ಲ ಅಂತ ನಿಮಗೇ ಗೊತ್ತುಂಟಲ್ಲಾ," ಎಂದ. ಆಮೇಲೆ, "ನಾನು ಬೇರೆ ಮನೆ ಮಾಡ್ತೇನೆ ಅಂದಿದ್ರೆ ಅವಳಿಗೆ ಅವಮಾನ ಅಲ್ವಾ?" ಎಂದು ನನ್ನ ಕಡೆ ತಿರುಗಿ ಕೇಳಿದ.

ಹುಸೈನ್ ಮರುದಿನವೇ ಕಚೇರಿಗೆ ಓಡಿದ. ಬೇರೆ ಮನೆ ಹಿಡಿಸುತ್ತೇನೆ, ಅವನ ಹೆಸರಿಗೇ ಮಾಡಿಸುತ್ತೇನೆ ಎಂದ. "ಅವನೇ ಬಾಯಿಬಿಟ್ಟು ಹೇಳಿದ್ದಾನೆ. ಈಗ ನೀನು ಬಂದು ಬೇರೆ ಹೇಳಿದರೆ ನಂಬಬೇಕಾ?" ಎಂದರಂತೆ. ರಂಜಾನ್ ಕಳೆದು ಸ್ವಲ್ಪ ದಿನಕ್ಕೆ ಅರ್ಜಿ ತಿರಸ್ಕಾರವಾಯಿತು. ಅದೇ ತಿಂಗಳು ಕಂಪನಿ ಫಿಟ್ಟರುಗಳನ್ನೆಲ್ಲ ಊರಿಗೆ ಕಳಿಸತೊಡಗಿತು. ನನ್ನನ್ನು ಇನ್ನೊಂದು ಕಂಪನಿಯವರು ತೆಗೆದುಕೊಂಡರು. ಮೂಸಬ್ಬನಿಗೂ ಪ್ರಯತ್ನಿಸಿದೆವು, ಆ ಅರ್ಜಿ ಬಿದ್ದ ಮೇಲೆ ಅವನ ಹೆಸರು ಕೇಳಿದರೆ ಯಾವ ಕಫೀಲನೂ ಮುಂದೆ ಬರಲಿಲ್ಲ.

ಹೊರಡುವ ದಿನ ಅವನನ್ನು ಹಳೇ ಪೇಟೆಯ ಮನೆಯಿಂದ ಕರೆದುಕೊಂಡು ಬರಲು ನಾನೇ ಹೋದೆ. ಅಂಗಳದ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಮುದುಕಿ ಬೀಬಿ ಮಾತು ಬಾರದೆ ಗಂಟಲಲ್ಲೇ ಏನೋ ಕೂಗುತ್ತಿದ್ದರು. ಮೂಸಬ್ಬ ಅವರಿಗೆ ನೀರು ಕುಡಿಸುತ್ತಿದ್ದ. ಪರದೆಯ ಹಿಂದಿನಿಂದ ಫಖ್ರುನ್ನಿಸಾ, "ಭಾಯಿ, ವಿಮಾನ ಹತ್ತುವ ತನಕ ಅವರ ಜೊತೆ ಇರಿ. ಅವರಿಗೆ ಒಬ್ಬರೇ ಇರಲು ಬರುವುದಿಲ್ಲ" ಎಂದಳು. ಗಾಡಿಯಲ್ಲಿ ಮೂಸಬ್ಬ ಬಿಳಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದ. ನಾನೂ ಅತ್ತೆ. ಗಾಡಿ ಓಡಿಸುತ್ತಿದ್ದುದರಿಂದ ಅದನ್ನು ಅವನಿಂದ ಮುಚ್ಚಿಡಲಾಗಲಿಲ್ಲ.

ಎಂಬತ್ತೆಂಟರಲ್ಲಿ ನನಗೆ ರಜೆ ಸಿಕ್ಕಿತು. ಹೊರಡುವ ಮೊದಲು ಹುಸೈನ್ ನನ್ನನ್ನು ಮನೆಗೆ ಕರೆದ. ಬೀಬಿ ಇನ್ನೂ ಇದ್ದರು, ಇನ್ನಷ್ಟು ಕುಗ್ಗಿದ್ದರು. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ಮಂಚದ ಮೇಲೆ ಚಾದರ, ಒಂದು ಸುಕ್ಕೂ ಇಲ್ಲದೆ.

"ಪ್ರತಿ ಗುರುವಾರ ಬದಲಾಯಿಸುತ್ತಾಳೆ," ಎಂದ ಹುಸೈನ್. "ನಮ್ಮ ಮಕ್ಕಳು ಬಂದರೂ ಅಲ್ಲಿ ಮಲಗಿಸುವುದಿಲ್ಲ."

ಪರದೆಯ ಹಿಂದಿನಿಂದ ಒಂದು ಕೈ ಕಾಗದದ ಪೊಟ್ಟಣವನ್ನು ಮುಂದೆ ಚಾಚಿತು. ಒಳಗೆ ನೀಲಿ ಹೂವಿನ ಆ ಮೊದಲ ಚಾದರ ಇತ್ತು. "ಅಲ್ಲಿ ಅವರು ಎಲ್ಲಿ ಮಲಗುತ್ತಾರೋ ಅಲ್ಲಿ ಹಾಸಿಕೊಳ್ಳಲಿ" ಎಂದಳು.

ಮೂಸಬ್ಬ ಎಲ್ಲಿ ಮಲಗುತ್ತಾನೆ ಎಂದು ಉಳ್ಳಾಲಕ್ಕೆ ಹೋಗುವ ತನಕ ನನಗೂ ಹೊಳೆದಿರಲಿಲ್ಲ. ಅವನ ತಾಯಿ ತೀರಿಕೊಂಡಿದ್ದರು. ಮನೆ ತಂಗಿಯರದ್ದು. ಮೂರು ಕೋಣೆ, ಮೂವರು ಅಳಿಯಂದಿರಿಗೆ. ಇಬ್ಬರು ಗಲ್ಫಿನಲ್ಲಿದ್ದರೂ ಅವರ ಕೋಣೆಯಲ್ಲಿ ಮತ್ತೊಬ್ಬರು ಮಲಗುವ ಹಾಗಿಲ್ಲವಲ್ಲ. ಆ ಮನೆತನದ ಗಂಡಸಿಗೆ ಕೋಣೆ ಇರುವುದು ಹೆಂಡತಿಯ ಮನೆಯಲ್ಲಿ. ಮೂಸಬ್ಬ ಜಗಲಿಯಲ್ಲಿ ಮಲಗುತ್ತಿದ್ದ. ಗೋಡೆಗೆ ಸುರುಳಿ ಸುತ್ತಿ ನಿಲ್ಲಿಸಿದ ಚಾಪೆ, ಒಂದು ದಿಂಬು, ಕಿಟಕಿಯ ಸರಳಿಗೆ ನೇತುಹಾಕಿದ ಅಂಗಿ, ಅಷ್ಟೇ ಅವನ ಸಂಸಾರ. ತಂಗಿ ಆಮಿನತ್ ಚಾ ತಂದಿಟ್ಟು, "ನೀವಾದ್ರೂ ಸ್ವಲ್ಪ ಹೇಳಿ ಅಣ್ಣ, ಇಲ್ಲೇ ಒಂದು ಸಂಬಂಧ ನೋಡ್ತೇವೆ ಅಂದ್ರೆ ಕೇಳುವುದಿಲ್ಲ" ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು.

"ನನಗೆ ಹೆಂಡತಿ ಇಲ್ವಾ ಹಾಗಾದ್ರೆ?" ಎಂದು ಮೂಸಬ್ಬ ನನ್ನನ್ನು ಕೇಳಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆಮೇಲೆ ದನಿ ತಗ್ಗಿಸಿ, "ಕೋಣೆ ಉಂಟಾ?" ಎಂದ.

"ಉಂಟು. ಗುರುವಾರ ಗುರುವಾರ ಚಾದರ ಹಾಕ್ತಾಳಂತೆ. ಯಾರನ್ನೂ ಮಲಗಿಸುವುದಿಲ್ಲವಂತೆ."

ನಾನು ಪೊಟ್ಟಣ ಕೊಟ್ಟೆ, ಅವಳು ಹೇಳಿದ್ದನ್ನೂ ಹೇಳಿದೆ. ಚಾದರವನ್ನು ತೊಡೆಯ ಮೇಲೆ ಬಿಡಿಸಿ, ಹೂಗಳ ಮೇಲೆ ಅಂಗೈ ಆಡಿಸಿದ. ಮೂಗಿಗೆ ಹಿಡಿದ. ಅವನ ಹೆಗಲು ಅಲುಗುತ್ತಿತ್ತು. ನನಗೆ ಅಂದು ನಕ್ಕ ಆ ಅಧಿಕಾರಿಗಳ ಮೇಲೆ, ಮರ್ಯಾದೆಯ ಮೇಲೆ, ಈ ಪೆದ್ದನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು.

"ಹಾಸಿಕೋ ಮಾರಾಯ," ಎಂದೆ. "ಅದಕ್ಕೇ ಅಲ್ವಾ ಅವಳು ಕಳಿಸಿದ್ದು."

ಅವನು ಜಗಲಿಯ ನೆಲವನ್ನೊಮ್ಮೆ, ಸುತ್ತಿಟ್ಟ ಚಾಪೆಯನ್ನೊಮ್ಮೆ ನೋಡಿದ. ಆಮೇಲೆ ಚಾದರವನ್ನು ಇದ್ದ ಮಡಿಕೆಯಲ್ಲೇ ಮಡಚಿ, ಅದೇ ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟ.

"ಇದು ಆ ಕೋಣೆಯದ್ದು ಸೇಸಪ್ಪಣ್ಣ. ಜಗಲಿಯಲ್ಲಿ ಹಾಸುವುದಲ್ಲ. ಹೋಗುವಾಗ ವಾಪಸ್ ತಕೊಂಡು ಹೋಗಿ ಅವಳಿಗೆ ಕೊಡಿ. ನಾನು ಬಂದ ದಿನ ಹಾಸ್ಲಿಕ್ಕೆ ಹೇಳಿ."