ನಡುಮನೆಯವನ ಮುಷ್ಕರ

ಪಂಪ್‌ಹೌಸಿನ ಹಿರಿಯ ಮೆಕ್ಯಾನಿಕ್‌ಗೆ ಜೊತೆಗಾರರು 'ನಡುಮನೆ' ಎಂದು ಹೆಸರಿಟ್ಟಿದ್ದರು. ಯಾವ ಜಗಳದಲ್ಲೂ ಆ ಮೂಲೆಗೂ ಸರಿಯದೆ ಈ ಮೂಲೆಗೂ ಸರಿಯದೆ ನಡುಮನೆಯಲ್ಲೇ ಕೂರುವವನು ಎಂಬ ಕುಚೋದ್ಯ. ಅವನೂ ನಕ್ಕು ಸುಮ್ಮನಾಗುತ್ತಿದ್ದ.

ಮುಷ್ಕರ ಶುರುವಾದಾಗ ಆ ನಗು ಬತ್ತಿತು. ಪಂಪಿನ ಕೆಲಸವನ್ನೆಲ್ಲ ಆಡಳಿತ ಗುತ್ತಿಗೆಗೆ ಕೊಡಹೊರಟದ್ದು ಅನ್ಯಾಯವೆಂದು ಅವನೂ ಸಂಘದ ಸಭೆಯಲ್ಲಿ ಕೈಯೆತ್ತಿದ್ದ. ಆದರೆ ಊರಿಗೆ ಒಂದು ಹನಿ ನೀರೂ ಹೋಗಕೂಡದೆಂದು ಬಿಸಿರಕ್ತದವರು ಪಟ್ಟು ಹಿಡಿದರು. ಅವರ ಮುಂದಾಳು ಅವನ ಮಗಳೇ. ಅಲ್ಲೇ ಪಂಪ್ ಆಪರೇಟರ್.

"ಆಸ್ಪತ್ರೆಗೆ ನೀರು ಹೋಗೋ ಲೈನ್ ಒಂದು ಮುಚ್ಚದೆ ಬಿಟ್ಬಿಡಿ," ಎಂದ ಅವನು.

"ಅರ್ಧಂಬರ್ಧ ಹೋರಾಟಕ್ಕೆ ಯಾರಪ್ಪಾ ಹೆದರ್ತಾರೆ? ನೀನು ನಮ್ ಕಡೆನಾ, ಅವರ ಕಡೆನಾ?" ಎಂದಳು ಮಗಳು.

"ಮುಷ್ಕರದ ಕಡೆ ಕಣಮ್ಮಾ. ಆದ್ರೆ ಹೆರಿಗೆಗೆ ಬಂದೋರ ಮೇಲೆ ನನಗೇನು ಸಿಟ್ಟು?"

ಹಿಂದಿನಿಂದ ಯಾರೋ "ಪುಕ್ಕಲ" ಎಂದರು. ಮಗಳು ತಡೆಯಲಿಲ್ಲ.

ಮರುದಿನ ಅವರು ವಾಲ್ವ್ ಮುಚ್ಚಲು ಬಂದಾಗ ಅವನು ಆಸ್ಪತ್ರೆ ಲೈನಿನ ಚಕ್ರಕ್ಕೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಿದ್ದ. ಎಳೆದಾಡಿದರು. ಅಂಗಿ ಹರಿಯಿತು, ಅವನು ಏಳಲಿಲ್ಲ. ಕೊನೆಗೆ ಮಗಳೇ, "ಅದೊಂದು ಇರಲಿ ಬಿಡ್ರೋ," ಎಂದು ಮುಖ ತಿರುಗಿಸಿದಳು. ಉಳಿದ ಲೈನುಗಳೆಲ್ಲ ಮುಚ್ಚಿದವು.

ಸುದ್ದಿ ತಿಳಿದ ಮ್ಯಾನೇಜರ್ ಅವನನ್ನು ಕೋಣೆಗೆ ಕರೆಸಿ ಕುರ್ಚಿ ತೋರಿಸಿದ.

"ನಿಮ್ಮಂಥ ತೂಕದ ಮನುಷ್ಯರು ಬೇಕು. ಮಿಕ್ಕ ಲೈನೂ ತೆರೆದುಕೊಡಿ, ಸೂಪರ್‌ವೈಸರ್ ಮಾಡ್ತೀನಿ."

"ಆಗಲ್ಲ ಸಾರ್. ನಾನೂ ಮುಷ್ಕರದಲ್ಲಿದೀನಿ."

"ಹಾಗಾದ್ರೆ ನೀವೂ ಅವರ ಥರಾನೇ!"

ಸಂಜೆಯೊಳಗೆ ಅವನ ಸಸ್ಪೆನ್ಷನ್ ಆದೇಶ ಹೊರಬಿತ್ತು.

ವಾರ ಕಳೆಯುವುದರೊಳಗೆ ಆಡಳಿತ ಬಗ್ಗಿ ಗುತ್ತಿಗೆಯನ್ನು ಕೈಬಿಟ್ಟಿತು. ಸಂಘದವರು ಮೆರವಣಿಗೆ ಹೊರಟರು. ಅವನು ಮನೆಯಲ್ಲೇ ಮಲಗಿ ಬೀದಿಯ ಘೋಷಣೆ ಕೇಳಿಸಿಕೊಂಡ. ಗೆದ್ದದ್ದಕ್ಕೆ ಖುಷಿ ಇತ್ತು. ಎದ್ದು ಕಿಟಕಿಯವರೆಗೆ ಹೋಗುವಷ್ಟು ಇರಲಿಲ್ಲ.

ಮಗಳು ಘೋಷಣೆ ಕೂಗಿ ದನಿ ಒಡೆಸಿಕೊಂಡು ಬಂದಳು. ಚಪ್ಪಲಿ ಬಿಡುತ್ತಲೇ, "ಮಾತುಕತೇಲಿ ನಿನ್ನ ಸಸ್ಪೆನ್ಷನ್ ವಿಷಯ ತೆಗೆದೆ ಅಪ್ಪಾ. ನಮ್ಮೋರೇ ಬೇಡ ಅಂದ್ರು," ಎಂದಳು.

"ನೀನೇನಂದೆ?"

"ಸರಿ ಅಂದೆ," ಎಂದಳು ಅವಳು. ಅವನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಬರೀ ಸುಸ್ತು. ಎದ್ದು ಅಡುಗೆಮನೆಗೆ ಹೋಗಿ ಎರಡು ತಟ್ಟೆ ಇಟ್ಟ.

"ಊಟ ಮಾಡು ಬಾ."

ಅವಳು ಕೈ ತೊಳೆದು ಬಂದು ಎರಡು ತುತ್ತು ಉಂಡಳು. ಆಮೇಲೆ, "ನಾಳೆ ಸಭೇಲಿ ಎದ್ದು ನಿಂತು ಕೇಳ್ತೀನಿ, ನಿನ್ನ ಕೆಲಸಕ್ಕೆ ವಾಪಸ್ ತಗೊಳ್ಳೋವರೆಗೂ ಬಿಡಲ್ಲ," ಎಂದಳು. "ಬೈದ್ರೆ ಬೈಲಿ."

"ಬೈತಾರೆ," ಎಂದ ಅವನು, ಇನ್ನೊಂದು ಸೌಟು ಬಡಿಸುತ್ತಾ.