ಸೊಸೆಯ ಕಾರಿಗೆ ಹೊಸ ಸ್ಪ್ರಿಂಗು

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿರಿಯರು ಹೇಳಿಬಿಟ್ಟರು. ಅತ್ತೆ ಕಾರಿನ ಕೆಳಗೂ ಸೊಸೆ ಕಾರಿನ ಒಳಗೂ ಇರುವ ಮನೆಯನ್ನು ಅವರು ಕಂಡಿರಲಿಲ್ಲ, ಪಾಪ.

ಗ್ಯಾರೇಜು ಅತ್ತೆಯದು. ಗಂಡ ತೀರಿಕೊಂಡ ಮೇಲೆ ಮುಚ್ಚುತ್ತಾಳೆಂದು ಬೀದಿಯೆಲ್ಲ ಕಾದಿತ್ತು. ಅವಳು ಮುಚ್ಚಿಸಿದ್ದು ಬೀದಿಯ ಬಾಯಿಯನ್ನು. ಮಗ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ಕಾರಿನಲ್ಲಿ ಎರಡು ತಿರುವು ದಾಟುವಷ್ಟರಲ್ಲಿ ವಾಂತಿ ಮಾಡಿಕೊಳ್ಳುವ ಪ್ರಾಣಿ. ಅಂಥವನು ಕಟ್ಟಿಕೊಂಡು ಬಂದದ್ದು ರೇಸಿನಲ್ಲಿ ಕಾರು ಓಡಿಸುವ ಹುಡುಗಿಯನ್ನು. ಮದುವೆಯಾದ ವಾರದಲ್ಲೇ ಅವಳು ಗ್ಯಾರೇಜಿಗೆ ಬಂದು, ತನ್ನ ಪುಟ್ಟ ಕೆಂಪು ಸ್ಪೋರ್ಟ್ಸ್ ಕಾರಿನ ಕೀಲಿಯನ್ನು ಅತ್ತೆಯ ಎಣ್ಣೆಗೈಯಲ್ಲಿಟ್ಟು, "ಇನ್ಮೇಲೆ ಇದು ನಿಮ್ಮದು ಅತ್ತೆ. ನಾನು ಬರೀ ಓಡಿಸ್ತೀನಿ" ಅಂದಿದ್ದಳು. ಅವತ್ತೇ ಮುದುಕಿ ಸೋತುಹೋದಳು. ಸೋತದ್ದನ್ನು ಬಾಯಿಬಿಟ್ಟು ಹೇಳುವ ಹೆಂಗಸಲ್ಲ; ಬ್ರೇಕು ತುಳಿಯೋಕೆ ಬರಲ್ಲ ನಿನಗೆ ಎಂದು ದಿನಾ ಬೈಯುತ್ತಿದ್ದಳು.

ಕಳೆದ ರೇಸಿನಲ್ಲಿ ಆ ಕಾರು ತಿರುವೊಂದರಲ್ಲಿ ಒಂದೇ ಕಡೆ ವಾಲಿ, ಗಿರಕಿ ಹೊಡೆದು, ಟೈರುಗಳ ಗೋಡೆಗೆ ಬಡಿಯಿತು. ಸೊಸೆಯ ಹೆಗಲ ಮೂಳೆ ಮುರಿಯಿತು. ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದಷ್ಟು ದಿನ ಅತ್ತೆಯೇ ಅವಳ ತಲೆ ಬಾಚಿದಳು. ಬಾಚುವಾಗೆಲ್ಲ "ಸಾಕಿನ್ನು, ಬಿಟ್ಟುಬಿಡು" ಎಂಬ ಮಾತು ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಗುತ್ತಿತ್ತು.

ಹೆಗಲು ಕೂಡಿಕೊಂಡ ಮೇಲೆ ಸೊಸೆ ಕೇಳಿದ್ದು ಇಷ್ಟು: "ಭಾನುವಾರ ರೇಸಿದೆ. ಹೇಳಿದ ಮಾತು ಕೇಳೋ ಹಾಗೆ ಮಾಡ್ಕೊಡಿ ಅತ್ತೆ ಇದನ್ನ."

ಅತ್ತೆ ಸಸ್ಪೆನ್ಷನ್ ಪೂರ್ತಿ ಬಿಚ್ಚಿದಳು. ಮೆತ್ತನೆಯ ಹಳೇ ಸ್ಪ್ರಿಂಗು ತೆಗೆದು ಗಿಡ್ಡನೆಯ ಗಟ್ಟಿ ಸ್ಪ್ರಿಂಗು ಕೂರಿಸಿದಳು. ಕೀಲುಗಳಲ್ಲಿ ಸವೆದಿದ್ದ ರಬ್ಬರ್ ಬುಷ್‌ಗಳನ್ನು ಬಡಿದು ಕಿತ್ತು ಹೊಸದನ್ನು ಒತ್ತಿದಳು. ಕಾರು ವಾಲದಂತೆ ಹಿಡಿಯುವ ಅಡ್ಡ ಸರಳು ತೆಗೆದು ದಪ್ಪದ್ದು ಹಾಕಿದಳು. ಕೊನೆಗೆ ಉಳಿದದ್ದು ಹೊಸ ಶಾಕ್ ಅಬ್ಸಾರ್ಬರ್‌ಗಳು. ಅವುಗಳ ತುದಿಯಲ್ಲೊಂದು ಗುಂಡಿ; ತಿರುಗಿಸಿದಂತೆ ಟಕ್ ಟಕ್ ಎಂದು ಬಿಗಿಯಾಗುತ್ತದೆ, ಬಿಗಿಯಾದಂತೆ ಸ್ಪ್ರಿಂಗಿನ ಕುಣಿತ ಅಡಗುತ್ತದೆ. ಮುಂದಿನೆರಡನ್ನು ಸರಿಯಾಗಿ ಬಿಗಿದಳು. ಹಿಂದಿನವಕ್ಕೆ ಬಂದಾಗ ಕೈ ನಿಂತಿತು.

ಹಿಂಭಾಗ ಸ್ವಲ್ಪ ಕುಣಿಯಲಿ ಎಂದಿತು ಒಳಗಿನ ಕರುಳು. ಕುಣಿದರೆ ಹುಡುಗಿಗೆ ಅಳುಕು ಹುಟ್ಟುತ್ತದೆ, ಅಳುಕು ಹುಟ್ಟಿದರೆ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಹಿಂದೆ ಬರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಷ್ಟು ವರ್ಷ ಕಾರುಗಳ ಕೆಳಗೆ ಮಲಗಿದ ಹೆಂಗಸು ಇಂಥ ಬುದ್ಧಿಗೇಡಿ ಯೋಚನೆ ಮಾಡಬಾರದು. ಆದರೆ ಹೆದರಿದ ಮೇಲೆ ಕಲಿತ ವಿದ್ಯೆ ಎಲ್ಲಿ ನೆನಪಿರುತ್ತದೆ? ಗುಂಡಿಗಳನ್ನು ಸಡಿಲವಾಗಿಯೇ ಬಿಟ್ಟು ಚಕ್ರ ಹಾಕಿದಳು.

ಮರುದಿನ ಅಭ್ಯಾಸದ ಟ್ರ್ಯಾಕಿನಲ್ಲಿ ಮೊದಲ ಸುತ್ತು ಚೆನ್ನಾಗಿಯೇ ಆಯಿತು. ಎರಡನೆಯದರಲ್ಲಿ, ಎಡಕ್ಕೆ ಹೊರಳಿ ತಕ್ಷಣ ಬಲಕ್ಕೆ ಹೊರಳಬೇಕಾದ ಕಡೆ, ಹಿಂಭಾಗ ಕುಣಿಯಿತು. ಅತ್ತೆ ಎಣಿಸಿದ್ದಂತೆಯೇ ಸೊಸೆ ಬೆದರಿ ಕಾಲು ತೆಗೆದಳು. ತೆಗೆದದ್ದರಿಂದಲೇ ಭಾರವೆಲ್ಲ ಮುಂದಕ್ಕೆ ಬಿದ್ದು, ಹಿಂದಿನ ಚಕ್ರಗಳ ಹಿಡಿತ ತಪ್ಪಿ, ಕಾರು ಜಾರಿ ಟ್ರ್ಯಾಕಿನ ಅಂಚಿನ ಮರಳಿಗೆ ಹೋಯಿತು.

ಅತ್ತೆ ಬೇಲಿ ದಾಟಿ ಓಡಿದಳು. ಸೊಸೆ ಹೆಲ್ಮೆಟ್ ತೆಗೆದು ಮರಳಲ್ಲಿ ಕೂತಿದ್ದಳು. ಪೆಟ್ಟಾಗಿರಲಿಲ್ಲ.

"ನನ್ನ ಕೈ ಹಿಡಿತ ಹೋಯ್ತು ಅತ್ತೆ. ನಿಮ್ಮ ಕೆಲಸದಲ್ಲಂತೂ ತಪ್ಪಿರಲ್ಲ, ತಪ್ಪು ನಂದೇ. ಹೆದರಿಕೆ ಒಳಗೆ ಕೂತ್ಬಿಟ್ಟಿದೆ. ಭಾನುವಾರದ್ದು ಬೇಡ, ಇನ್ಯಾವ್ದೂ ಬೇಡ. ಕಾರು ಮಾರ್ಬಿಡೋಣ."

ರೋಗಿ ಬಯಸಿದ್ದೂ ಹಾಲು-ಅನ್ನ, ವೈದ್ಯ ಹೇಳಿದ್ದೂ ಹಾಲು-ಅನ್ನ. ಅತ್ತೆ ಸುಮ್ಮನಿದ್ದರೆ ಸಾಕಿತ್ತು. ಆಗಲಿ ಮಗಳೇ ಎಂದು ತಲೆ ಸವರಿದ್ದರೆ ಹುಡುಗಿ ದಿನಾ ಕ್ಷೇಮವಾಗಿ ಮನೆಗೆ ಬರುತ್ತಿದ್ದಳು. ಆದರೆ ಅವಳು ತನ್ನೆರಡು ಅಂಗೈಗಳನ್ನು ಯಾರವೋ ಎಂಬಂತೆ ನೋಡಿಕೊಳ್ಳುತ್ತಿದ್ದಳು. ಅದನ್ನು ನೋಡುತ್ತ ನಿಲ್ಲಲು ಅತ್ತೆಯಿಂದಾಗಲಿಲ್ಲ.

"ತಪ್ಪು ನಿಂದಲ್ಲ ಕಣೇ. ಹಿಂದಿನ ಶಾಕ್ ಎರಡೂ ನಾನೇ ಸಡಿಲ ಬಿಟ್ಟಿದ್ದೆ. ಬೇಕಂತಲೇ."

ಸೊಸೆ ತಲೆಯೆತ್ತಿದಳು. "ಯಾಕೆ?"

"ನಿಧಾನ ಹೋಗ್ತೀಯ ಅಂತ. ನಿನಗೇನಾದ್ರೂ ಆದ್ರೆ ನಾನು ಬದುಕಲ್ಲ ಅಂತ. ಇನ್ನೇನು ಹೇಳ್ಲಿ?" ಗದರುವ ದನಿಯಲ್ಲೇ ಅಂದಳು, ಕಣ್ಣಲ್ಲಿ ಮಾತ್ರ ನೀರು ಸುರಿಯುತ್ತಿತ್ತು.

ಸೊಸೆಗೆ ಕೆಂಡದಂಥ ಸಿಟ್ಟು ಬಂತು. ಎದ್ದು, ಮರಳು ಕೊಡವಿಕೊಂಡು, ಕಾರಿನ ಸುತ್ತ ನಡೆದು, ಹಿಂದಿನ ಚಕ್ರಕ್ಕೆ ಜಾಡಿಸಿ ಒದ್ದಳು. ಕಾಲು ನೊಂದಿರಬೇಕು. ಕುಂಟುತ್ತ ಬಂದು ಅತ್ತೆಯೆದುರು ನಿಂತು, ಕೈಗವಸಿನಲ್ಲೇ ಅವಳ ಕೆನ್ನೆ ಒರೆಸಿದಳು.

"ನಿಮ್ಮ ಭಯ ನನಗೆ ಹೇಳಿ ಅತ್ತೆ. ಕಾರಿಗೆ ಹೇಳ್ಬೇಡಿ."

ಕಾರನ್ನು ಮರಳಿನಿಂದ ಎಳೆಸಿ, ಜಾಕಿ ಕೊಟ್ಟು, ಅತ್ತೆ ಗುಂಡಿಗಳನ್ನು ಬಿಗಿದಳು. ಸೊಸೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಪ್ರತಿ ಟಕ್ಕನ್ನೂ ಎಣಿಸಿದಳು. ಹಿಂದೆಂದೂ ಎಣಿಸಿದವಳಲ್ಲ. ಎಣಿಸಲಿ, ಅದು ನ್ಯಾಯವೇ ಎಂದುಕೊಂಡಳು ಅತ್ತೆ.

"ಈಗ ಹತ್ತಿ," ಅಂದಳು ಸೊಸೆ, ಇನ್ನೊಂದು ಹೆಲ್ಮೆಟ್ ಚಾಚಿ.

"ನಾನಾ?"

"ಮತ್ತೆ ನಿಮ್ಮ ಮಗನ್ನ ಕೂರಿಸ್ಲಾ? ಸೀಟು ತೊಳೆಯೋರು ಯಾರು?"

ಅತ್ತೆ ಎಷ್ಟೋ ರೇಸು ಕಾರುಗಳ ಕೆಳಗೆ ಮಲಗಿದ್ದಳು. ಓಡುವಾಗ ಒಂದರೊಳಗೂ ಕೂತವಳಲ್ಲ. ಆ ಎಡ-ಬಲದ ತಿರುವು ಎದುರಿಗೆ ನುಗ್ಗಿ ಬಂದಾಗ ಬೆಲ್ಟನ್ನು ಎರಡೂ ಕೈಯಲ್ಲಿ ಅವಚಿಕೊಂಡಳು.

"ಭಯ ಆಗ್ತಿದೆ ಕಣೇ!"

"ಹೇಳ್ತಾ ಇರಿ ಅತ್ತೆ," ಅಂದಳು ಸೊಸೆ, ಕಾಲು ತೆಗೆಯದೆ. "ಕೇಳಿಸ್ಕೊಳ್ತಿದ್ದೀನಿ."

ಕಾರು ನೆಲ ಕಚ್ಚಿಕೊಂಡು ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ಅತ್ತೆ ಹೇಳುತ್ತಲೇ ಇದ್ದಳು.